ಹತ್ತೊಂಬತ್ತನೆಯ ಗುರುತು

"ಇದೆಲ್ಲ ನಿಮ್ಮ ತಂದೆಯವರದೇ ಕೆಲಸ ಮೇಡಂ, ನೋಡಿ," ಎಂದು ಬಡಾವಣೆ ಸಂಘದ ಕಾರ್ಯದರ್ಶಿ ಹೇಮಂತ ಮೊಬೈಲನ್ನು ತೇಜಸ್ವಿನಿಯ ಮುಂದೆ ಹಿಡಿದ. ಚಿತ್ರದಲ್ಲಿ ಅವಳ ಅಪ್ಪ ಮುನೀಂದ್ರ ಬೇವಿನ ಮರದೆದುರು ಕುಕ್ಕರುಗಾಲಿನಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಬ್ರಷ್ಷು. ಮರದ ಮೇಲೆ ಅಡ್ಡಕ್ಕೆ ಎರಡು ಪಟ್ಟೆ: ಮೇಲೆ ಬಿಳಿ, ಕೆಳಗೆ ಕೆಂಪು.

ಅಟ್ಟೂರಿನ ಆ ಬಡಾವಣೆಯಲ್ಲಿ ವಾರದಿಂದ ಇದೇ ಗಲಾಟೆ. ಮರಕ್ಕೆ ಬಣ್ಣ ಬಿತ್ತೆಂದರೆ ರಸ್ತೆ ಅಗಲ ಮಾಡಲು ಕಡಿಯುತ್ತಾರೆಂದೇ ಅರ್ಥ. ಜನ ಅರ್ಜಿ ಬರೆದು ಸಹಿಯನ್ನೂ ಹಾಕಿಸಿದ್ದರು. ಕೊನೆಗೆ ಸಿಕ್ಕಿಬಿದ್ದವರು ನೋಡಿದರೆ ಅರವತ್ತಾರು ವರ್ಷದ ನಿವೃತ್ತ ಫೋರ್‌ಮನ್ನು!

"ಭಾನುವಾರದೊಳಗೆ ಅಳಿಸ್ಬಿಡಿ ಮೇಡಂ. ಇಲ್ಲಾಂದ್ರೆ ಕಂಪ್ಲೇಂಟ್ ಕೊಡ್ಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ."

ಆ ಪಟ್ಟೆ ಏನೆಂದು ತೇಜಸ್ವಿನಿಗೆ ಯಾರೂ ಹೇಳಬೇಕಿರಲಿಲ್ಲ.

ಮೂರು ವರ್ಷದ ಹಿಂದೆ ಅಪ್ಪ ಅಮ್ಮ ಫ್ರಾನ್ಸಿಗೆ ಹೋಗಿದ್ದರು. ಪ್ಯಾರಿಸ್ ನೋಡಲಿಕ್ಕಲ್ಲ, ನಡೆಯಲಿಕ್ಕೆ! ಜಾಲಹಳ್ಳಿಯ ಕಾರ್ಖಾನೆಯವರು ಮುನೀಂದ್ರರನ್ನು ಹರೆಯದಲ್ಲಿ ಅಲ್ಲಿಗೆ ತರಬೇತಿಗೆ ಕಳುಹಿಸಿದ್ದಾಗ ಕೇಳಿ ಬಂದಿದ್ದ ಹಾದಿಯದು. ಹಳ್ಳಿಯಿಂದ ಹಳ್ಳಿಗೆ, ಗೋಧಿ ಹೊಲದ ನಡುವೆ, ಹಸುಗಳ ಕೊರಳ ಗಂಟೆ ಕೇಳುತ್ತ ಇಪ್ಪತ್ತು ದಿನ ನಡೆದರು. ಮರ, ಬಂಡೆ, ಕೊಟ್ಟಿಗೆ ಗೋಡೆ, ಎಲ್ಲೆಂದರಲ್ಲಿ ಬಿಳಿ-ಕೆಂಪು ಪಟ್ಟೆ. ಪಟ್ಟೆ ಕಂಡರೆ ದಾರಿ ಸರಿ. ಇಂಟು ಮಾರ್ಕು ಕಂಡರೆ ಆ ಕಡೆ ಹೋಗಬಾರದು. ಸುಣ್ಣ-ಕೆಮ್ಮಣ್ಣಿನ ಗುಡಿ ಗೋಡೆಗಳನ್ನೇ ನೋಡಿ ಬೆಳೆದ ಅಮ್ಮ ರಾಣಿ, ಮೊದಲ ಪಟ್ಟೆ ಕಂಡೊಡನೆ ಬೂಟು ಬಿಚ್ಚಿ ಕೈಮುಗಿದುಬಿಟ್ಟಿದ್ದಳು. "ಇಲ್ಲೂ ನಮ್ಮ ಮುನೇಶ್ವರ ಇದಾನೆ ಕಣ್ರೀ!"

ಒಂದು ದಿನ ಮಂಜಿನಲ್ಲಿ ಅವಳು ದಾರಿ ತಪ್ಪಿದ್ದಳು. ಅಪ್ಪ ಗಾಬರಿಯಿಂದ ಊರೆಲ್ಲ ಹುಡುಕಿದರೆ, ಇವಳು ಹಿಂದಿನ ಪಟ್ಟೆಯ ಹತ್ತಿರ ಅರ್ಧ ಬ್ರೆಡ್ಡು ಹಿಡಿದು ಎರಡು ಗಂಟೆಯಿಂದ ಆರಾಮಾಗಿ ಕೂತಿದ್ದಳು. "ಗುರುತು ಕಾಣದಿದ್ರೆ ಮುಂದೆ ಹೋಗ್ಬಾರ್ದು. ಕೊನೇ ಗುರುತಿಗೆ ವಾಪಸ್ ಬಂದು ಕಾಯ್ಬೇಕು," ಎಂದು ಊರಿಗೆ ಮರಳಿದ ಮೇಲೆ ಮನೆಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಕಳೆದ ವರ್ಷ ಅಮ್ಮ ತೀರಿಕೊಂಡಳು. ತೇಜಸ್ವಿನಿ ಅಪ್ಪನನ್ನು ಜಾಲಹಳ್ಳಿಯಿಂದ ತನ್ನ ಮನೆಗೆ ಕರೆತಂದಳು. ಅಂದಿನಿಂದ ಅವರು ಮಂಕಾಗಿಬಿಟ್ಟಿದ್ದರು. ಕಾಫಿಗೆ ಎರಡೆರಡು ಸಲ ಸಕ್ಕರೆ ಹಾಕಿಕೊಳ್ಳುವರು. ಮಗಳನ್ನು ಆಗಾಗ "ರಾಣಿ" ಎಂದು ಕೂಗುವರು. ಆಗೆಲ್ಲ ಅವಳು ಬಚ್ಚಲುಮನೆಗೆ ಹೋಗಿ ಅತ್ತು ಬರುವಳು. ಬೆಳಗ್ಗೆ ಆರಕ್ಕೆ ಕೆರೆ ಸುತ್ತಲು ಹೋದವರು ಒಂದು ದಿನ ಹತ್ತಕ್ಕೆ ಬಂದರು. "ಸುತ್ತು ದಾರೀಲಿ ಬಂದೆ ಕಣಮ್ಮ," ಎಂದರು. ಹೆಂಡತಿ ಸತ್ತ ದುಃಖ, ಸುತ್ತಲಿ ಬಿಡು ಎಂದು ಅವಳು ಸುಮ್ಮನಾದಳು. ಬಣ್ಣದ ಡಬ್ಬಿ ಮನೆಗೆ ಬಂದದ್ದು ಮರುದಿನ.

ಹೇಮಂತ ಹೋದ ಮೇಲೆ ಅವಳು ಅಪ್ಪನ ಪಕ್ಕ ಕೂತಳು.

"ಯಾಕಪ್ಪಾ ಇದೆಲ್ಲ?"

"ಮನೆಗೆ ಬರೋರಿಗೆ ದಾರಿ ತಿಳೀಬೇಕಲ್ಲಮ್ಮ."

"ಅಮ್ಮ ಇನ್ನು ಬರಲ್ಲಪ್ಪ."

"ಗೊತ್ತು ಕಣಮ್ಮ." ಅವರು ಉಗುರಿಗೆ ಮೆತ್ತಿದ್ದ ಕೆಂಪು ಬಣ್ಣ ಕೆರೆಯುತ್ತ ಕೂತರು. "ಗೊತ್ತಿರೋವಾಗ್ಲೇ ಗುರುತು ಹಾಕಿಡ್ಬೇಕು."

ಅವಳು ಎದ್ದು ಅಡುಗೆಮನೆಗೆ ಹೋದಳು.

ಭಾನುವಾರ ಅಪ್ಪ ಕೆರೆಗೆ ಹೊರಟ ಹತ್ತು ನಿಮಿಷಕ್ಕೆ ಅವಳು ಥಿನ್ನರ್ ಬಾಟಲಿ, ಹಳೇ ಬಟ್ಟೆ ಹಿಡಿದು ಹೊರಬಿದ್ದಳು. ಜೊತೆಗೆ ಪಕ್ಕದ ಮನೆಯ ಗೆಳತಿ ರುಖ್ಸಾರ್. ಅಪ್ಪನ ಕಣ್ಣೆದುರು ಅಳಿಸುವುದು ಬೇಡ, ಬಂದ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂಬುದು ತೇಜಸ್ವಿನಿಯ ಯೋಚನೆ. ಗೇಟಿನ ಕಂಬ, ಬೇವಿನ ಮರ, ಹಾಲಿನ ಬೂತಿನ ಗೋಡೆ, ಒಂದೊಂದನ್ನೇ ಉಜ್ಜುತ್ತ ಹೋದರು. ಮುಖ್ಯರಸ್ತೆಯ ಮೂಲೆಯಲ್ಲಿ ಇಂಟು ಮಾರ್ಕು. ಅದನ್ನೂ ಬಿಡಲಿಲ್ಲ.

ಹದಿನೆಂಟು ಅಳಿಸಿದ್ದಾಯಿತು. ಹತ್ತೊಂಬತ್ತನೆಯದರ ಮುಂದೆ ಕೈ ನಿಂತಿತು. ಕೆರೆ ಏರಿಯ ತಿರುವಿನಲ್ಲಿ, ಅರಳಿಮರದ ಬುಡದ ಕಲ್ಲದು. ಪಟ್ಟೆ ನೋಡಿದ ಯಾರೋ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು, ಕರ್ಪೂರವನ್ನೂ ಬೆಳಗಿದ್ದರು. ಅಮ್ಮ ಫ್ರಾನ್ಸಿನಲ್ಲಿ ಮಾಡಿದ್ದನ್ನೇ ಅಟ್ಟೂರಿನವರು ಇಲ್ಲಿ ಮಾಡಿದ್ದರು. ತೇಜಸ್ವಿನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಇದೊಂದನ್ನ ಬಿಡು ಕಣೇ. ದೇವ್ರ ತಂಟೆ ನಮಗ್ಯಾಕೆ?" ಎಂದಳು ರುಖ್ಸಾರ್. ಬಿಟ್ಟು ಬಂದರು.

ಎಂಟಾಯಿತು, ಒಂಬತ್ತಾಯಿತು, ಅಪ್ಪ ಬರಲಿಲ್ಲ. ಫೋನ್ ಮಾಡಿದರೆ ಅವರ ಮೊಬೈಲು ದಿಂಬಿನ ಪಕ್ಕದಲ್ಲೇ ಹೊಡೆದುಕೊಂಡಿತು. ಅಮ್ಮ ಬರುವ ದಾರಿಯನ್ನು ಮಗಳೇ ಮುಚ್ಚಿದಳೆಂದು ಮುನಿಸಿಕೊಂಡು ಎಲ್ಲೋ ಕೂತಿರಬೇಕು ಎಂದುಕೊಂಡು, ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಳ್ಳುತ್ತಲೇ ಅವಳು ಸ್ಕೂಟರ್ ತೆಗೆದಳು.

"ಎರಡ್ ಸಲ ಇಲ್ಲೀವರೆಗೂ ಬಂದು, ಗೋಡೆ ನೋಡಿ ವಾಪಸ್ ಹೋದ್ರು ಮೇಡಂ," ಎಂದ ಹಾಲಿನ ಬೂತಿನವನು.

ಸಿಕ್ಕಾಗ ಹತ್ತೂವರೆ. ಅರಳಿಮರದ ಕೆಳಗೆ, ಹೂವಿಟ್ಟ ಆ ಕಲ್ಲಿನ ಪಕ್ಕದಲ್ಲೇ ನಿಂತಿದ್ದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. "ತಪ್ಪಾಯ್ತಪ್ಪ" ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವರೇ ಎರಡು ಹೆಜ್ಜೆ ಮುಂದೆ ಬಂದು ಕೈಮುಗಿದರು.

"ಮೇಡಂ, ಮನೆಗೆ ಹೋಗೋಕೆ ಅಂತ ನಾನು ಹಾಕ್ಕೊಂಡಿದ್ದ ಗುರುತನ್ನೆಲ್ಲ ಯಾರೋ ಅಳಿಸ್ಬಿಟ್ಟಿದಾರೆ. ನನ್ನ ಮಗಳು ತೇಜು ಹುಡುಕ್ಕೊಂಡು ಬರ್ತಾಳೆ, ಅಲ್ಲೀವರೆಗೂ ನನ್ ಜೊತೆ ಸ್ವಲ್ಪ ನಿಂತಿರ್ತೀರಾ?"