ರಾಗಿ ಬೀಸುವಷ್ಟರಲ್ಲಿ

ರಾಗಿ ಡಬ್ಬಿಯನ್ನು ಗಿರಣಿಯ ಸಾಲಿನಲ್ಲಿಟ್ಟು ಅವಳು ಎಂದಿನಂತೆ ಪಕ್ಕದ ಗ್ರಂಥಾಲಯಕ್ಕೆ ನುಗ್ಗಿದಳು. ಕಪಾಟಿನ ಮರೆಯಲ್ಲಿ ನಿಂತು ಕದ್ದು ಓದುತ್ತಿದ್ದ ಪುಸ್ತಕ ಇನ್ನೂ ಅರ್ಧ ಉಳಿದಿತ್ತು. ಇವತ್ತು ನೋಡಿದರೆ ಕಪಾಟುಗಳೇ ಇಲ್ಲ, ಬರೀ ಕಂಪ್ಯೂಟರುಗಳು.

“ಪುಸ್ತಕ ಎಲ್ಲಾ ಇದರೊಳಗೇ ಇವೆಯಮ್ಮ. ಯಾವುದು ಬೇಕು?” ಗ್ರಂಥಪಾಲಕರು ಕೇಳಿದರು.

ಅವಳು ದನಿ ತಗ್ಗಿಸಿದಳು. “ವಿಚ್ಛೇದನದ ಕಾನೂನು.”

“ನಿಮ್ಮ ಕಾರ್ಡಿನಲ್ಲಿರೋ ನಂಬರಿಗೆ ಓಟಿಪಿ ಕಳಿಸ್ತೀನಿ, ನೋಡ್ಕೊಂಡು ಹೇಳಿ.”

ಗ್ಯಾಸಿನಿಂದ ಹಿಡಿದು ಗ್ರಂಥಾಲಯದವರೆಗೆ ಅವಳ ಹೆಸರಿನ ಮುಂದೆ ಇದ್ದದ್ದು ಗಂಡನ ನಂಬರು.

“ಬೇಡ ಸಾರ್! ಅದು ನಮ್ಮನೆಯವರ ಫೋನು. ದಮ್ಮಯ್ಯ, ಒತ್ತಬೇಡಿ.”

ಗ್ರಂಥಪಾಲಕರು ಪರದೆಯತ್ತ ಬಗ್ಗಿದರು. “ಆ ನಂಬರಿನವರು ಈ ಪುಸ್ತಕ ಆಗಲೇ ತೆಗೆದಿದ್ದಾರಲ್ಲಮ್ಮ! ಮುಕ್ಕಾಲು ಪಾಲು ಓದಿಯೂ ಮುಗಿಸಿದ್ದಾರೆ.”