ಜಿಂಕೆಯ ಪಕ್ಕದ ಕೈಗುರುತು

"ಅದನ್ನ ಉಜ್ಜಬೇಡಮ್ಮಾ, ನಿಲ್ಲು!" ಎಂದು ಅಜ್ಜಿ ಕೂಗಿದ ಕೂಗಿಗೆ ಗುಹೆಯ ಬಾವಲಿಗಳೆಲ್ಲ ಪಕ್ಕದ ಬೆಟ್ಟಕ್ಕೆ ವಲಸೆ ಹೋಗಿರಬೇಕು. ಬಂಡೆ ತೊಳೆಯುತ್ತಿದ್ದ ಪುರಾತತ್ವ ಇಲಾಖೆಯ ಹುಡುಗಿ ಬ್ರಷ್ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತಳು. ಸಾವಿರಾರು ವರ್ಷಗಳ ಹಿಂದೆ ಯಾರೋ ಕೆತ್ತಿದ ಜಿಂಕೆಯ ಪಕ್ಕದಲ್ಲಿ ಕಪ್ಪಗೆ, ಜಿಡ್ಡುಜಿಡ್ಡಾಗಿ ಒಂದು ಅಂಗೈ ಗುರುತಿತ್ತು. ಅದಕ್ಕೆ ಕಿರುಬೆರಳಿರಲಿಲ್ಲ.

"ಕೊಳೆ ಅಜ್ಜಿ. ಹಳೇ ಗೈಡ್ ಯಾರೋ ದಿನಾ ಇಲ್ಲೇ ಕೈ ಊರಿ ಕಥೆ ಹೇಳ್ತಿದ್ರಂತೆ. ಬಂಡೆ ಹಾಳಾಗತ್ತೆ, ತೆಗೀಲೇಬೇಕು."

"ಯಾರೋ ಅಲ್ಲ, ನಮ್ಮನೆಯವ್ರು. ಆ ಬೆರಳು ಯಾವ ಬಾಗಿಲಿಗೆ ಸಿಕ್ಕಿ ಹೋಯ್ತು ಅಂತ್ಲೂ ನಂಗೊತ್ತು. ಊರಿಗೆಲ್ಲ ಮುಟ್ಟಬೇಡಿ ಅಂತ ಗದರೋರು, ತಾವು ಮಾತ್ರ ನಲವತ್ತು ವರ್ಷ ಈ ಸವತಿ ಮೈ ಸವರ್ತಾ ನಿಂತಿದ್ರು ನೋಡು!" ಅಜ್ಜಿ ಜಿಂಕೆಯನ್ನು ದುರುಗುಟ್ಟಿ ನೋಡಿದಳು. ಬೆಟ್ಟ ತೋರಿಸ್ತೀನಿ ಬಾ ಎಂದು ಗಂಡ ಲಕ್ಷ ಸಲ ಕರೆದಿದ್ದ. ಲಕ್ಷ ಸಲವೂ ಅವಳಿಗೆ ಮಂಡಿನೋವು. ಅವನು ತೀರಿಹೋಗಿ ಮೂರು ತಿಂಗಳಾದ ಮೇಲೆ ಇವತ್ತು ಹತ್ತಿ ಬಂದಿದ್ದಳು.

ಆ ಗುರುತಿನ ಮೇಲೆ ತನ್ನ ಅಂಗೈಯಿಟ್ಟಳು. ಬಂಡೆ ತಣ್ಣಗಿತ್ತು. ಹುಡುಗಿ ಮುಖ ತಿರುಗಿಸಿ ಕಾದಳು. ಕೊನೆಗೆ ಅಜ್ಜಿಯೇ ಕೈ ತೆಗೆದು, "ಹಾಕು ನೀರು. ಜಿಂಕೆಗೆ ಏನಾದ್ರೂ ಆದ್ರೆ ಅವ್ರು ನನ್ನನ್ನೇ ಬೈತಾರೆ" ಎಂದಳು.

ಬ್ರಷ್ ಆಡಿತು. ಕಪ್ಪು ನೀರು ಬಂಡೆಯಿಂದಿಳಿದು ಅಜ್ಜಿ ಒಡ್ಡಿದ ಬೊಗಸೆಗೆ ಬಿತ್ತು. "ಊಟಕ್ಕೆ ಮುಂಚೆ ಕೈ ತೊಳ್ಕೊಳ್ಳಿ ಅಂತ ನಲವತ್ತು ವರ್ಷ ಬಡ್ಕೊಂಡೆ ಕಣಮ್ಮಾ," ಎಂದಳು, "ಇವತ್ತು ತೊಳ್ಕೊಂಡ್ರು ನೋಡು."