ಮಗುಚಿದ ಸೆಟ್ ದೋಸೆ

ಹುದುಗಲು ಇಟ್ಟ ದೋಸೆಹಿಟ್ಟು ರಾತ್ರಿ ಕೇಳಿದ್ದನ್ನೆಲ್ಲ ಬೆಳಿಗ್ಗೆ ಕಾವಲಿಯ ಮೇಲೆ ಹೇಳಿಬಿಡುವ ಕಾಲವಿದು. ಹಾಗಾಗಿ ಮರ್ಯಾದಸ್ಥರು ಹಿಟ್ಟು ಕಲೆಸಿದ ಮೇಲೆ ಅಡುಗೆಮನೆಯಲ್ಲಿ ಬಾಯಿ ಬಿಡುವುದಿಲ್ಲ. ಪದ್ಮನಾಭಯ್ಯನವರಿಗೆ ಅಷ್ಟು ಮರ್ಯಾದೆ ಎಲ್ಲಿಂದ ಬರಬೇಕು?

ಮಗಳನ್ನು ನೋಡಲು ಬಂದವರು ಹಾಲ್‌ನಲ್ಲಿ ಕೂತಿದ್ದರು. ಪದ್ಮನಾಭಯ್ಯನವರ ಹೆಂಡತಿ ಇಂದಿರಮ್ಮ ಮೊದಲ ಸೆಟ್ ದೋಸೆ ಹೊಯ್ದರು. ಅದು ಉಬ್ಬಿ, ಮೈತುಂಬ ತೂತು ಬಿಟ್ಟು, ಯಜಮಾನರದೇ ದನಿಯಲ್ಲಿ ಶುರುಮಾಡಿತು: "ಫೋಟೋದಲ್ಲಿ ಹುಡುಗನ ಮುಖ ನೋಡಿದ್ಯಾ, ಹಳಸಿದ ಚಟ್ನಿ! ಅವರಮ್ಮನೋ, ಜಂಬದ ಕೋಳಿ!"

"ಇವರ ಬಾಯಿಗಿಷ್ಟು ಮಣ್ಣು ಹಾಕ," ಎಂದು ಗೊಣಗಿ ಇಂದಿರಮ್ಮ, ಹಾಲ್‌ಗೆ ಕೇಳಿಸುವ ಮುನ್ನ ದೋಸೆ ಮಗುಚಿದರು. ಮಗುಚಿದರೆ ತೂತು ಮುಚ್ಚಿ ಸದ್ದಡಗುತ್ತದೆ, ಜೊತೆಗೆ ದೋಸೆಯೂ ಗಟ್ಟಿಯಾಗುತ್ತದೆ. ಗಟ್ಟಿ ದೋಸೆಗೆಲ್ಲ ಯಾರು ಸಂಬಂಧ ಬಿಡುತ್ತಾರೆ ಅಂದುಕೊಂಡು ಎಲ್ಲವನ್ನೂ ಎರಡೂ ಕಡೆ ಬೇಯಿಸಿ ಬಡಿಸಿದರು.

ಹುಡುಗನ ತಾಯಿ ದೋಸೆಯನ್ನು ತಿರುಗಿಸಿ ನೋಡಿದರು.

"ಮಗುಚಿದ್ದೀರಿ. ಅಂದ್ರೆ ನಮ್ಮನ್ನ ಬೈದಿದ್ದೀರಿ."

"ಛೇ ಛೇ, ಎಲ್ಲಾದ್ರೂ ಉಂಟೇ..." ಪದ್ಮನಾಭಯ್ಯ ಬೆವರಿದರು.

"ಬೈದ್ರೆ ಬೈಕೊಳ್ಳಿ. ನಮ್ಮನೆ ಹಿಟ್ಟು ನಿಮ್ಮನ್ನ ಇದಕ್ಕಿಂತ ಚೆನ್ನಾಗಿ ಬೈದಿದೆ. ಅದನ್ನ ಕೇಳಿಕೊಂಡೇ ಮೆತ್ತನೆ ದೋಸೆ ತಿಂದು ಬಂದ್ವಿ." ಆಕೆ ತಟ್ಟೆ ಸರಿಸಿದರು. "ಹೆದರಿಕೊಂಡು ದೋಸೆ ಕೆಡಿಸೋರ ಸಂಬಂಧ ನಮಗೆ ಬೇಡ. ಏಳೋ ಸುಧೀಂದ್ರ."